ಒಂಬತ್ತನೇ ಬಾಗಿಲು

"ಅಲ್ಲೇ ನಿಲ್ಲಿ! ಒಳಗೆ ಬರ್ಬೇಡಿ!"

ಭಾನುಪ್ರಕಾಶ್ ಎತ್ತಿದ ಕಾಲನ್ನು ಹೊಸಿಲ ಮುಂದೆಯೇ ತಡೆದ. ಸಾದಲಿಯ ಹೈಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು ಅವನು. ಮನೆಮನೆ ಸಮೀಕ್ಷೆಗೆಂದು ಬಂದಿದ್ದ. ಬಾಗಿಲಿಗೆ ಅಡ್ಡ ನಿಂತ ಹುಡುಗಿ ಸೆರಗಿನಂತೆ ವೇಲನ್ನು ಮೂಗಿಗೆ ಹಿಡಿದಿದ್ದಳು.

"ಸೆಂಟ್ ಹಾಕ್ಕೊಂಡು ಹುಳು ಮನೆಗೆ ಬರ್ತಾರಾ ಯಾರಾದ್ರೂ? ರೇಷ್ಮೆ ಹುಳು ಸತ್ತೋಗ್ತವೆ ಸಾರ್!"

"ನಮ್ದು ವಿದುರಾಶ್ವತ್ಥ. ನಮ್ಮನೇಲಿ ಹುಳು ಸಾಕಿಲ್ಲ. ಗೊತ್ತಿರ್ಲಿಲ್ಲ ಕಣ್ರೀ," ಎಂದು ಹಿಂದೆ ಸರಿದವನ ಕಣ್ಣು ಅವಳ ಕೈಯ ಫೋನಿನ ಮೇಲೆ ಬಿತ್ತು. "ಅರೆ! 'ಒಂಬತ್ತು ಬಾಗಿಲು' ಆಡ್ತೀರಾ? ನಾನು ಐದನೇದ್ರಲ್ಲಿ ಸಿಕ್ಕಾಕೊಂಡಿದೀನಿ."

ವೇಲಿನ ಮೇಲಿನ ಕಣ್ಣುಗಳು ನಕ್ಕವು. "ನಾನು ಆರನೇದ್ರಲ್ಲಿ. ಮೇಷ್ಟ್ರಿಗಿಂತ ಒಂದು ಮುಂದೆ."

ಅವಳು ಚೆನ್ನರಾಯಪ್ಪನ ಮಗಳು ಕಲ್ಯಾಣಿ. ಬಿ.ಎಸ್ಸಿ. ಮುಗಿಸಿ ಅಪ್ಪನ ಜೊತೆ ಹುಳು ಮೇಯಿಸುತ್ತಿದ್ದಳು. ದೇವರು ಇಬ್ಬರನ್ನು ಹತ್ತಿರ ತರಲು ಏನೇನೋ ನೆಪ ಹುಡುಕುತ್ತಾನೆ. ಇವರಿಗೆ ಸಿಕ್ಕಿದ್ದು ಒಂದು ಆಟ.

ಆ ಆಟದಲ್ಲಿ ಒಂದೂ ಮಾತಿಲ್ಲ. ಕತ್ತಲ ಕೋಟೆ, ಒಂದರ ಹಿಂದೊಂದು ಬಾಗಿಲು, ಬಾಗಿಲ ಮೇಲೆ ಅರ್ಥವಾಗದ ಗುರುತುಗಳು. ಆಡಿದವರೆಲ್ಲ ನಡುದಾರಿಯಲ್ಲೇ ಕೈಚೆಲ್ಲುತ್ತಾರೆಂದು ಅದಕ್ಕೆ ಹೆಸರು. ಯೂಟ್ಯೂಬಿನಲ್ಲಿ ಉತ್ತರ ನೋಡಬಾರದೆಂದು ಇಬ್ಬರೂ ಮಾತು ಕೊಟ್ಟುಕೊಂಡರು. ಸಂಜೆಯಾದರೆ ಹುಳು ಮನೆಯ ಜಗಲಿ, ಅವಳ ಫೋನು, ಅದರ ಮೇಲೆ ಬಾಗಿದ ಎರಡು ತಲೆ.

ಅವಳ ತಾಯಿ ವೆಂಕಟರತ್ನಮ್ಮ ಕಾಫಿ ತಂದಿಡುತ್ತಾ ನಗುತ್ತಿದ್ದರು. "ಒಂಬತ್ತು ಬಾಗಿಲು ದೇವ್ರು ಈ ಮೈಗೇ ಇಟ್ಟವ್ನಲ್ಲ ನಾಯನಾ, ಫೋನ್‌ನಾಗೆ ಏನ್ ಹುಡುಕ್ತೀರಾ?"

ಸೆಂಟು ಬಿಟ್ಟ ಮೇಷ್ಟ್ರಿಗೆ ಕಲ್ಯಾಣಿ ಒಂದು ದಿನ ಹೊಸಿಲಾಚೆಯಿಂದಲೇ ಒಂದು ತಟ್ಟೆ ತೋರಿಸಿದಳು. ಹುಳುಗಳು ತಲೆ ಎತ್ತಿ, ಅಲುಗದೆ ಕೂತಿದ್ದವು.

"ಜ್ವರಕ್ಕೆ ಕೂತಿದಾವೆ. ಹಳೇ ಚರ್ಮ ಕಳಚೋ ಹೊತ್ತು. ಏನೂ ತಿನ್ನಲ್ಲ. ಈಗ ಸೊಪ್ಪು ಹಾಕ್ಬಾರ್ದು, ಮುಟ್ಬಾರ್ದು, ಸುಮ್ನೆ ಬಿಟ್ಬಿಡ್ಬೇಕು."

"ದೇವರ ಧ್ಯಾನ ಮಾಡ್ತಿರೋ ಹಂಗಿದೆ," ಎಂದ ಅವನು. ಅವಳು ಅವನನ್ನೇ ನೋಡಿದಳು. ಅವನು ತಟ್ಟೆಯನ್ನು ನೋಡುತ್ತಿದ್ದ.

ಎಂಟನೇ ಬಾಗಿಲು ತೆರೆದ ಸಂಜೆ ಅವಳು ಸಂತೋಷಕ್ಕೆ ಅವನ ಕೈ ಹಿಡಿದವಳು, ಬಿಡಲು ಮರೆತಳು. "ಒಂಬತ್ತನೇದು ತೆರೀಲಿ. ಆಗ ಒಂದು ಮಾತು ಹೇಳ್ತೀನಿ," ಎಂದ ಭಾನು. ಒಂಬತ್ತನೆಯದರ ಮೇಲೆ ಗುರುತೇ ಇರಲಿಲ್ಲ. ಮುಚ್ಚಿದ ಒಂದು ಕಣ್ಣು, ಅಷ್ಟೇ. ಎಲ್ಲಿ ಒತ್ತಿದರೂ ಅದು ಜಗ್ಗಲಿಲ್ಲ.

ಅಷ್ಟರಲ್ಲಿ ಅವಳ ಅಪ್ಪ ಚೆನ್ನರಾಯಪ್ಪ ತೀರಿಕೊಂಡರು. ತೋಟದಲ್ಲಿ ಸೊಪ್ಪು ಕೊಯ್ಯುತ್ತಲೇ ಕುಸಿದು ಬಿದ್ದಿದ್ದರು.

ಕಲ್ಯಾಣಿ ಮಾತು ಬಿಟ್ಟಳು. ಜಗಲಿಗೆ ಬರುವುದನ್ನೂ ಬಿಟ್ಟಳು. ಭಾನು ಮುಂಜಾನೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆಯನ್ನು ಹೊಸಿಲಲ್ಲಿಟ್ಟು ಸ್ಕೂಲಿಗೆ ಹೋಗುತ್ತಿದ್ದ. ಬಾಗಿಲು ತಟ್ಟಲಿಲ್ಲ, ಫೋನೂ ಮಾಡಲಿಲ್ಲ. ಈಗ ಮುಟ್ಟಬಾರದು, ಸುಮ್ಮನೆ ಬಿಡಬೇಕು ಎಂದುಕೊಂಡ. ಅವಳೇ ಕಲಿಸಿದ್ದಲ್ಲವೇ?

ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ಅವಳೇ ಕರೆದಳು. "ಒಂಬತ್ತನೇ ಬಾಗಿಲು ಗೊತ್ತಾಯ್ತು, ಬನ್ನಿ."

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜಪದಂತೆ ಹೇಳಿಕೊಳ್ಳುತ್ತಾ ಬಂದ. ಅವಳು ಸೊರಗಿದ್ದಳು. ಫೋನನ್ನು ಇಬ್ಬರ ನಡುವೆ ಜಗಲಿಯ ಮೇಲಿಟ್ಟಳು.

"ಮುಟ್ಬೇಡಿ. ಸುಮ್ನೆ ಕೂತ್ಕೊಳ್ಳಿ."

ಕೂತರು. ತೋಟದ ಮೇಲೆ ಗಾಳಿ ಬೀಸಿ ಹೋಯಿತು. ಮುಚ್ಚಿದ ಕಣ್ಣು ಮೆಲ್ಲಗೆ ಬಿಚ್ಚಿಕೊಂಡಿತು. ಬಾಗಿಲು ತಾನಾಗಿ ಸರಿಯಿತು. ಒಳಗೆ ಹಚ್ಚದ ಒಂದು ಹಣತೆ.

ಭಾನು ಉಸಿರು ಹಿಡಿದು ನೋಡುತ್ತಾ ಕೂತ. ನೋಡುತ್ತಿದ್ದಂತೆ ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಯಾಕೆ?"

"ತೆರ್ಕೊಂಡಾಗ ಕೈ ಚಾಚಿ ದೀಪ ಹಚ್ಬೇಕು ಮೇಷ್ಟ್ರೇ. ನೋಡ್ತಾ ಕೂತ್ರೆ ಮುಚ್ಕೊಳ್ಳುತ್ತೆ. ನಂಗೂ ನಿನ್ನೆ ಹಿಂಗೇ ಆಯ್ತು." ಅವಳ ದನಿ ತಗ್ಗಿತು. "ಹುಳಾನೂ ಅಷ್ಟೇ. ಜ್ವರ ಬಿಟ್ಟ ತಕ್ಷಣ ಸೊಪ್ಪು ಹಾಕ್ಬೇಕು. ಹಸ್ಕೊಂಡಿರ್ತವೆ. ಅದನ್ನ ನಿಮಗೆ ಹೇಳೋದು ಮರ್ತೆ."

"ಕಲ್ಯಾಣಿ, ನಾನು..."

"ಶುಕ್ರವಾರ ಚಿಂತಾಮಣಿಯಿಂದ ಗಂಡಿನ ಕಡೆಯೋರು ಬಂದು ಹೂ ಮುಡಿಸಿ ಹೋದ್ರು."

ಭಾನು ಅವಳ ಮುಡಿಯತ್ತ ನೋಡಿದ.

"ಮನಸ್ಸಲ್ಲಿ ಯಾರಾದ್ರೂ ಇದಾರೇನೇ ಅಂತ ಅಮ್ಮ ಕೇಳಿದ್ಲು. ಏನ್ ಹೇಳ್ಲಿ? ಹೊಸಿಲಲ್ಲಿ ಸೊಪ್ಪಿಟ್ಟು ಓಡಿ ಹೋಗೋರ ಹೆಸ್ರು ಹೇಳ್ಲಾ? ಬಾಗಿಲ ಹಿಂದೇನೇ ನಿಂತಿರ್ತಿದ್ದೆ ನಾನು, ದಿನಾ."

"ನಿನಗೆ ನೋವಾಗ್ಬಾರ್ದು ಅಂತ... ನೀನಂದ್ರೆ ನನಗೆ ಪ್ರಾಣ ಕಣೇ."

ಅವಳು ಕಣ್ಣು ಮುಚ್ಚಿಕೊಂಡಳು. ದೇವರ ಮುಂದೆ ತೀರ್ಥಕ್ಕೆ ಕೈಯೊಡ್ಡಿದವರ ಮುಖದಲ್ಲಿರುವ ಶಾಂತಿ ಒಂದು ಗಳಿಗೆ ಅಲ್ಲಿ ಬಂದು ಹೋಯಿತು.

"ಈ ಮಾತು ಕೇಳೋಕೇ ಕರೆದಿದ್ದು ಅಂತ ಕಾಣ್ಸುತ್ತೆ. ಆದ್ರೆ ಅಪ್ಪ ಹೋದ್ಮೇಲೆ ಅಮ್ಮ ಮೊನ್ನೆ ಮೊದಲ್ನೇ ಸಲ ಹೊಟ್ಟೆ ತುಂಬಾ ಉಂಡ್ಳು. ಕೊಟ್ಟ ಮಾತು ಹಿಂದಕ್ಕೆ ತಗೊಳ್ಳಲ್ಲ." ಆಟವನ್ನು ಮತ್ತೆ ತೆರೆದು ಫೋನನ್ನು ನಡುವೆ ಇಟ್ಟಳು. "ಇನ್ನೊಂದ್ಸಲ ಆಡಣ. ಇದನ್ನಾದ್ರೂ ಮುಗಿಸಣ."

ಮತ್ತೆ ಕೂತರು. ಕಣ್ಣು ಬಿಚ್ಚಿತು, ಬಾಗಿಲು ಸರಿಯಿತು. ಈ ಸಲ ಎರಡು ಬೆರಳು ಒಟ್ಟಿಗೆ ಹಣತೆಯನ್ನು ಮುಟ್ಟಿದವು. ಕೋಟೆಯ ತುಂಬಾ ಬೆಳಕಾಯಿತು. ಆಟ ಮುಗಿಯಿತು. ಬೆರಳುಗಳು ಮಾತ್ರ ಅಲ್ಲೇ ಇದ್ದವು, ಪರದೆ ಕಪ್ಪಾಗುವವರೆಗೂ.

ಅವಳು ಎದ್ದು ಹೊಸಿಲು ದಾಟಿದಳು. ಒಳಗೆ ಹುಳುಗಳಿಗೆ ಜ್ವರ ಬಿಟ್ಟಿತ್ತು. ಭಾನು ಸೊಪ್ಪಿನ ಪುಟ್ಟಿಯನ್ನು ಎತ್ತಿ ಹೊಸಿಲಾಚೆ ನೀಡಿದ. ಅವಳು ಈಚೆಗೆ ಬರದೆ ಅದನ್ನು ತೆಗೆದುಕೊಂಡಳು.

"ಮದುವೆಗೆ ಬರ್ತೀರಲ್ವಾ ಮೇಷ್ಟ್ರೇ?" ಎಂದಳು. ನಗಲು ನೋಡಿದಳು. "ಸೆಂಟ್ ಹಾಕ್ಕೊಂಡೇ ಬನ್ನಿ. ಅಲ್ಲಿ ಹುಳ ಇರಲ್ಲ."