ಬಿಳಿ ಬೋರ್ಡು

"ಇವಳ ಓದು ನನ್ನ ಥರ ಪಿಯುಸಿಗೆ ನಿಲ್ಲಲ್ಲ ಕಣೆ. ಇದು ನನ್ನ ಮಾತು."

ಹದಿನೆಂಟು ವರ್ಷಗಳ ಹಿಂದೆ, ಹಳೇ ಸೀರೆಯಲ್ಲಿ ಸುತ್ತಿದ್ದ ಕೂಸನ್ನು ಎದೆಗವಚಿಕೊಂಡು ಸೋಮನಾಥ ಹೆಂಡತಿಗೆ ಹೇಳಿದ್ದ. ಹೆರಿಗೆಯ ಸುಸ್ತಿನಲ್ಲಿ ಮಲಗಿದ್ದ ಭಾಗ್ಯಜ್ಯೋತಿ, "ಮೊದಲು ಅದರ ಕತ್ತು ಸರಿಯಾಗಿ ಹಿಡ್ಕೊಳ್ರೀ, ಓದು ಆಮೇಲೆ" ಎಂದು ನಕ್ಕಿದ್ದಳು.

ಆ ಕೂಸೇ ಸಿರಿ. ಈಗ ಅವಳಿಗೆ ಫಿಸಿಯೋಥೆರಪಿ ಓದಲು ಸೀಟು ಸಿಕ್ಕಿತ್ತು. ಕಂಪನಿಯೊಂದರ ಕ್ಯಾಬ್ ಓಡಿಸಿ, ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುವ ಅಪ್ಪನ ಬೆನ್ನು ಒತ್ತುತ್ತಲೇ ಬೆಳೆದ ಹುಡುಗಿ ಅವಳು. ಎಲ್ಲಿ ಬೆರಳಿಟ್ಟರೆ ಅಪ್ಪ ನಿಟ್ಟುಸಿರು ಬಿಡುತ್ತಾನೆ ಎಂಬುದು ಅವಳಿಗೆ ಯಾವ ಪುಸ್ತಕವೂ ಕಲಿಸುವ ಮೊದಲೇ ಗೊತ್ತಿತ್ತು. ಫೀಸು ಕಟ್ಟಲು ಶನಿವಾರ ಕೊನೆಯ ದಿನ. ಕಡಿಮೆ ಆದಾಯದ ಮನೆ, ರಿಯಾಯಿತಿ ಸಿಕ್ಕೇ ಸಿಗುತ್ತದೆ ಎಂದು ಮೂವರೂ ನಂಬಿಕೊಂಡಿದ್ದರು. ಸೋಮವಾರ ಆದಾಯ ಪ್ರಮಾಣಪತ್ರಕ್ಕೆಂದು ಹೋದಾಗ ಆ ನಂಬಿಕೆ ಕುಸಿಯಿತು.

"ನಿಮ್ಮ ಹೆಸರಲ್ಲಿ ಕಾರಿದೆಯಲ್ಲ ಸಾರ್," ಎಂದ ಗುಮಾಸ್ತ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಸಾಲದ ಕಾರು ಸಾರ್. ನಾನು ಡ್ರೈವರ್ರು."

"ಹಳದಿ ಬೋರ್ಡಾ?"

ಸೋಮನಾಥ ಅಲ್ಲವೆಂದು ತಲೆಯಾಡಿಸಿದ.

"ಬಿಳಿ ಬೋರ್ಡು. ಹೊಟ್ಟೆಪಾಡಿಗೆ ಓಡಿಸೋ ಬಾಡಿಗೆ ಗಾಡಿ ಆಗಿದ್ರೆ ನೋಡಬಹುದಿತ್ತು. ಓಡಾಡೋಕೆ ಅಂತ ಸ್ವಂತ ಕಾರಿಟ್ಕೊಂಡೋರನ್ನ ಬಡವರು ಅಂತ ನಾನು ಹೇಗೆ ಬರೀಲಿ, ನೀವೇ ಹೇಳಿ."

ಬಾಡಿಗೆ ಗಾಡಿಯೇ ಆಗಬೇಕಿತ್ತು ಅದು. ಎರಡು ವರ್ಷದ ಹಿಂದೆ, ಕೂಡಿಟ್ಟದ್ದನ್ನೆಲ್ಲ ಮುಂಗಡ ಕೊಟ್ಟು ಕಾರು ಕೊಂಡಾಗ, ಕಂಪನಿಯ ಕ್ಯಾಬುಗಳನ್ನು ನೋಡಿಕೊಳ್ಳುವ ಸೀನು ಹೆಗಲ ಮೇಲೆ ಕೈಹಾಕಿ ಹೇಳಿದ್ದ: "ಗುರು, ಹಳದಿ ಬೋರ್ಡ್ ಹಾಕ್ಸಿ ಗಾಡಿ ನಮ್ಮ ಕಂಪನಿಗೇ ಬಿಡು. ನಾಳೆ ಎರಡು ಗಾಡಿ ಆಗುತ್ತೆ, ನಾಡಿದ್ದು ನಾಲ್ಕು. ಎಷ್ಟು ವರ್ಷ ಅಂತ ಬೇರೆಯೋರ ಸ್ಟೇರಿಂಗ್ ಹಿಡ್ಕೊಂಡಿರ್ತೀಯ?"

ಯಡಿಯೂರಿನಲ್ಲಿದ್ದ ಅತ್ತೆ ಬಸವಲಿಂಗಮ್ಮ ವಿಷಯ ತಿಳಿದ ಸಂಜೆಯೇ ಮನೆಗೆ ಬಂದರು.

"ದೊಡ್ಡಳಿಯಂದ್ರ ಕಾರಿನ ಪಕ್ಕ ಟ್ಯಾಕ್ಸಿ ತಂದು ನಿಲ್ಲಿಸ್ತೀರಾ ಅಳಿಯಂದ್ರೇ? ಬಂದ ನೆಂಟರು ಮೆಜೆಸ್ಟಿಕ್‌ಗೆ ಎಷ್ಟು ತಗೋತೀಯಪ್ಪಾ ಅಂತ ಕೇಳ್ಲಿ ಅಂತಲಾ? ನಿಮ್ಮನ್ನ ಟ್ರಾನ್ಸ್‌ಪೋರ್ಟ್ ಆಫೀಸರ್ ಅಂತ ಹೇಳ್ಕೊಂಡು ಬಂದಿದೀನಿ ಇಷ್ಟು ವರ್ಷ. ಈಗ ನನ್ನ ಮುಖಕ್ಕೆ ಹಳದಿ ಬಳೀಬೇಡಿ."

"ಅಮ್ಮ ಹೇಳೋದ್ರಲ್ಲೂ..." ಎಂದು ಭಾಗ್ಯಜ್ಯೋತಿ ಅರ್ಧಕ್ಕೇ ನಿಲ್ಲಿಸಿದ್ದಳು. ಅತ್ತೆಯೊಬ್ಬರದೇ ತಪ್ಪು ಎನ್ನುವಂತಿಲ್ಲ. ನೆಂಟರೆದುರು ಬಿಳಿ ಬೋರ್ಡಿನ ಸ್ವಂತ ಕಾರಿನಿಂದ ಒಮ್ಮೆ ಇಳಿಯಬೇಕೆಂಬ ಆಸೆ ಸೋಮನಾಥನ ಒಳಗೂ ಇತ್ತು. ಹಾಗೆ ಆ ಕಾರು ತಿಲಕ್ ನಗರದ ಗಲ್ಲಿಯಲ್ಲಿ ಹೊದಿಕೆ ಹೊದ್ದು ನಿಂತಿತು. ಮದುವೆ, ಮುಂಜಿಗೆ ಮಾತ್ರ ಹೊರಬರುತ್ತಿತ್ತು. ಸಂಬಳದ ಅರ್ಧ ಅದರ ಕಂತಿಗೇ ಹೋಗುತ್ತಿತ್ತು. ಈಗ ಮಾರಿದರೂ ಸಾಲ ತೀರುವಂತಿರಲಿಲ್ಲ.

ಉಳಿದಿದ್ದು ಒಂದೇ ದಾರಿ. ಭಾಗ್ಯಳ ಅಕ್ಕನ ಗಂಡ ಶಶಿಕಾಂತ್. ಗುರುವಾರ ಜೆ.ಪಿ. ನಗರದಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ.

"ಭಾವನ್ನ ಒಂದ್ ಕಡೆ ಕರೆದು ಕೇಳಿಬಿಡಿ," ಎಂದಳು ಭಾಗ್ಯ ಕಾರಿನಲ್ಲಿ. "ಇಲ್ಲ ಅನ್ನೋ ಜನ ಅಲ್ಲ ಅವ್ರು."

ಹಿಂದೆ ಕೂತಿದ್ದ ಸಿರಿಯ ಮಡಿಲಲ್ಲಿ ಮುಯ್ಯಿಗೆಂದು ಕೊಂಡ ಬೆಳ್ಳಿ ದೀಪ. "ಅಪ್ಪ, ಕೇಳೋವಾಗ ನಾನೂ ನಿನ್ನ ಪಕ್ಕ ನಿಂತ್ಕೊಳ್ಲಾ?"

"ಬೇಡ ಪುಟ್ಟಿ. ನಾನು ಕೇಳ್ತೀನಿ."

ಗೇಟಿನಲ್ಲೇ ಬಸವಲಿಂಗಮ್ಮ ಬೀಗರ ಕಡೆಯ ಕಮಲಾದೇವಿಯನ್ನು ನಿಲ್ಲಿಸಿಕೊಂಡಿದ್ದರು. "ಇವ್ರೇ ನಮ್ಮ ಚಿಕ್ಕಳಿಯಂದ್ರು, ಈಗ ಕಾರಲ್ಲಿ ಬಂದ್ರಲ್ಲ. ಮೊಮ್ಮಗಳಿಗೆ ದೊಡ್ಡ ಕಾಲೇಜು. ಪೂರ್ತಿ ದುಡ್ಡು ಕಟ್ಟೇ ಸೇರಿಸ್ತಿದಾರೆ. ಸರ್ಕಾರದ ಮುಂದೆ ಕೈ ಚಾಚೋರಲ್ಲ ನಮ್ಮೋರು. ಅಲ್ವೇನೇ ಭಾಗ್ಯ?"

ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಅಮ್ಮನ ಬೀಗುತ್ತಿದ್ದ ಮುಖ, ಕಮಲಾದೇವಿಯ ಕುತೂಹಲದ ಕಣ್ಣು... "ಹೂಂ" ಎಂದಳು ಭಾಗ್ಯ.

ಊಟದ ಪಂಕ್ತಿಯಲ್ಲಿ ಶಶಿಕಾಂತ್ ತಾವೇ ಹೋಳಿಗೆ ಬಡಿಸುತ್ತ ಬಂದರು. ಸೋಮನಾಥನ ಮುಂದೆ ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಸೋಮು, ಸಿರಿ ಫೀಸು ಕಟ್ಟಿ ಆಯ್ತಾ? ಏನಾದ್ರೂ ಬೇಕಿದ್ರೆ ಹೇಳಪ್ಪ. ಅವಳಿಗೆ ನಾನೂ ದೊಡ್ಡಪ್ಪ ಅಲ್ವಾ?"

ಕೇಳುವ ಮೊದಲೇ ಕೈಗೆ ಬಂದಿತ್ತು. ಆದರೆ ಎಡಕ್ಕೆ ಅತ್ತೆ, ಅವರಾಚೆ ಕಮಲಾದೇವಿ. ಇಬ್ಬರೂ ಊಟ ನಿಲ್ಲಿಸಿದ್ದರು.

"ಬೇಡಣ್ಣ," ಎಂದ ಸೋಮನಾಥ. "ಎಲ್ಲ ರೆಡಿ ಇದೆ."

"ಹಾಗಾದ್ರೆ ಇನ್ನೊಂದು ಹಾಕಿಸ್ಕೋ," ಎಂದು ಶಶಿಕಾಂತ್ ನಗುತ್ತ ಎಲೆಗೆ ಹೋಳಿಗೆ ಇಟ್ಟು ಮುಂದೆ ಹೋದರು. ಬಲಕ್ಕೆ ಕೂತಿದ್ದ ಸಿರಿ ಕೈಯಲ್ಲಿದ್ದ ತುತ್ತನ್ನು ಮೆಲ್ಲನೆ ಎಲೆಗೇ ಇಳಿಸಿದಳು.

ಕಾರಿನಲ್ಲಿ ಭಾಗ್ಯ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು. "ಬಾಯಿಬಿಟ್ಟು ಕೇಳಿದ್ರಲ್ಲರೀ ಅವ್ರು... ಒಂದೇ ಒಂದು ಮಾತು..."

"ಗೇಟಲ್ಲಿ ನೀನು ಹೂಂ ಅಂದ್ಮೇಲೆ ನಾನು ಏನಂತ ಹೇಳ್ಲಿ?"

"ಜಗಳ ಆಡ್ಬೇಡಿ," ಎಂದಳು ಸಿರಿ ಹಿಂದಿನಿಂದ. "ದೀಪ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದ್ರು."

ಶುಕ್ರವಾರ ಸೋಮನಾಥ ಮೂರು ಸಲ ಶಶಿಕಾಂತರ ನಂಬರ್ ಒತ್ತಿದ. ಎರಡು ಸಲ ರಿಂಗಾಗುವ ಮೊದಲೇ ಕಡಿದ. ಮೂರನೇ ಸಲ, "ಹೇಳು ಸೋಮು" ಎಂಬ ದನಿ ಕೇಳಿತು.

"ಏನಿಲ್ಲಣ್ಣ... ಮನೆ ತುಂಬಾ ಚೆನ್ನಾಗಿ ಬಂದಿದೆ. ಅದೇ ಹೇಳೋಣ ಅಂತ."

ಶನಿವಾರ ಕಳೆಯಿತು. ಸೀಟು ಬೇರೆಯವರ ಪಾಲಾಯಿತು. ಹದಿನೈದು ದಿನದಲ್ಲಿ ಸಿರಿ ಜಯನಗರದ ಸೀರೆ ಅಂಗಡಿಯೊಂದರಲ್ಲಿ ಬಿಲ್ ಹಾಕಲು ಸೇರಿದಳು.

"ಅಂಗಡೀಲಿ ಕೂತಿದಾಳೆ ಅಂತ ಯಾರ ಹತ್ರಾನೂ ಅನ್ಬೇಡ," ಎಂದರು ಬಸವಲಿಂಗಮ್ಮ ಫೋನಿನಲ್ಲಿ. "ಕಾಲೇಜು ಇನ್ನೂ ಶುರುವಾಗಿಲ್ಲ ಅನ್ನು."

"ಅನ್ನಲ್ಲಮ್ಮ." ಭಾಗ್ಯಳ ದನಿ ನಡುಗಲಿಲ್ಲ. "ನಿನ್ನ ಅಳಿಯ ಡ್ರೈವರ್, ನಿನ್ನ ಮೊಮ್ಮಗಳು ಬಿಲ್ ಹಾಕ್ತಾಳೆ. ಯಾರು ಕೇಳಿದ್ರೂ ಇದನ್ನೇ ಹೇಳ್ತೀನಿ. ಆವತ್ತು ಗೇಟಲ್ಲಿ ಹೇಳಬೇಕಿತ್ತು."

ಆ ಕಡೆ ಫೋನು ಇಟ್ಟ ಶಬ್ದ.

ಸೋಮನಾಥ ಓಡಾಡಿ, ಕಾಗದ ಪತ್ರ ಮಾಡಿಸಿ, ಕಾರಿಗೆ ಹಳದಿ ಬೋರ್ಡು ಹಾಕಿಸಿದ. ಸೀನು ಕಾರಿನ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡ. "ಈಗ ಹೊಸ ಗಾಡಿ ಮಾತ್ರ ತಗೋತಿದಾರೆ ಗುರು. ಆವತ್ತೇ ಹೇಳಿದ್ನಲ್ಲ." ಸಿಕ್ಕ ಬಾಡಿಗೆ ಓಡಿಸುವುದೇ ಗತಿಯಾಯಿತು.

ಮುಂದಿನ ವರ್ಷ ಸೇರಿದರಾಯಿತು ಎಂದು ಮೂವರೂ ಕೆಲವು ದಿನ ಹೇಳಿಕೊಂಡರು. ಮುಂದಿನ ವರ್ಷವೂ ಬಂತು. ಈಗ ರಿಯಾಯಿತಿ ಸಿಗಬಹುದಿತ್ತು, ಆದರೆ ಬಾಡಿಗೆಯ ದುಡ್ಡು ಸಾಲದೆ ಸಿರಿಯ ಸಂಬಳವೂ ಕಾರಿನ ಕಂತಿಗೆ ಸೇರಿಹೋಗುತ್ತಿತ್ತು; ಅವಳು ಕೆಲಸ ಬಿಡುವಂತಿರಲಿಲ್ಲ. ಯಾರೂ ಆ ಮಾತೆತ್ತಲಿಲ್ಲ. ದಿನವಿಡೀ ನಿಂತು ಊದಿದ ಕಾಲನ್ನು ಮಡಚಿ ಕೂತು, ಅವಳು ಈಗಲೂ ಅಪ್ಪನ ಬೆನ್ನು ಒತ್ತುತ್ತಾಳೆ.

"ಇಲ್ಲಿ ತಾನೇ ಅಪ್ಪ?"

"ಹೂಂ... ಅಲ್ಲೇ."

ಸಿರಿಯ ಓದು ಪಿಯುಸಿಗೆ ನಿಂತಿತು. ಸೋಮನಾಥ ಕೊಟ್ಟ ಮಾತು ಉಳಿಯಲಿಲ್ಲ.