ಬೀಗ ಹಾಕಿದ ಹನ್ನೊಂದು ಪುಸ್ತಕಗಳು

“ನಮ್ಮಜ್ಜನ ಪುಸ್ತಕಗಳನ್ನ ಪಟ್ಟಿಯಿಂದ ತೆಗೆದಿದ್ದು ನೀವೇನಾ?”

ಅವಳ ದನಿಗೆ ಇಡೀ ಹಾಲ್ ತಿರುಗಿ ನೋಡಿತು. ಅವನು ತಟ್ಟನೆ ಕಂಪ್ಯೂಟರ್ ಪರದೆ ಆರಿಸಿದ.

“ಹೌದು... ನಾನೇ.”

ಅಷ್ಟೇ! ಕಾರಣವಿಲ್ಲ, ಸಮಜಾಯಿಷಿಯಿಲ್ಲ. ಮೂರು ತಿಂಗಳಿಂದ ದಿನಾ ತನ್ನ ಮೇಜಿಗೆ ಚಹಾ ತಂದಿಡುತ್ತಿದ್ದವನು ಇವನೇನಾ?

ಕಳೆದ ನೂರು ವರ್ಷಗಳ ಹವಾಮಾನವನ್ನು ಮತ್ತೆ ಕಟ್ಟುವ ಕಚೇರಿ ಅದು. ಪ್ರಪಂಚದ ಹಡಗು, ಬಂದರುಗಳ ಹಳೆಯ ಹವಾಮಾನ ದಾಖಲೆ ಪುಸ್ತಕಗಳಿಂದ ಅವಳು ಅಂಕಿಗಳನ್ನು ಟೈಪ್ ಮಾಡುತ್ತಾಳೆ. ಅಂಕಿ ಇಲ್ಲದ ಕಡೆ ಅಂದು ಗಾಳಿ ಹೇಗಿತ್ತು, ಒತ್ತಡ ಎಷ್ಟಿತ್ತು ಎಂದು ಅವನ ಕಂಪ್ಯೂಟರ್ ಮಾಡೆಲ್ ಸುತ್ತಲಿನ ಅಂಕಿಗಳಿಂದ ಲೆಕ್ಕ ಹಾಕುತ್ತದೆ. ಅದಕ್ಕೇ ಅವನಿಗೆ ‘ಮಾಡೆಲ್ ಸಾಹೇಬ’ ಎಂಬ ಅಡ್ಡಹೆಸರು.

ಅವಳ ಅಜ್ಜ ಲೈಟ್‌ಹೌಸ್ ಕಾಯುತ್ತಾ ದಿನವೂ ಹವಾಮಾನದ ಅಂಕಿ ಬರೆದಿಡುತ್ತಿದ್ದವರು. ಒಂದು ಬಿರುಗಾಳಿಯ ಮಧ್ಯಾಹ್ನ ಅವರು ಬರೆದ ಗಾಳಿಯ ಒತ್ತಡ ತೀರಾ ಕಡಿಮೆಯಿತ್ತು, ಯಾರೂ ನಂಬಲಿಲ್ಲ. ‘ಕೂತಲ್ಲೇ ಸುಳ್ಳು ಅಂಕಿ ಬರೆದ’ ಎಂದು ಕೆಲಸದಿಂದ ತೆಗೆದರು. ತೊಂಬತ್ತೆರಡರ ಅಜ್ಜ ಈಗಲೂ ದಿನಾ ಕೇಳುತ್ತಾರೆ, “ನನ್ನ ಪುಸ್ತಕದ ಸರದಿ ಬಂತಾ ಪುಟ್ಟಿ?”

ಏನೆಂದು ಹೇಳುವುದು? ‘ಬಂತು ಅಜ್ಜ, ಮತ್ತೆ ಹೊರಗೆ ಹಾಕಿದರು’ ಎಂದೇ?

ಅಂದಿನಿಂದ ಅವಳ ಕಣ್ಣು ಅವನ ಮೇಲೇ. ಅಜ್ಜನ ಹನ್ನೊಂದು ಪುಸ್ತಕಗಳೂ ಬೀರು ಸೇರಿ ಬೀಗ ಬಿದ್ದಿತ್ತು. ಅವಳು ಹತ್ತಿರ ಹೋದರೆ ಪರದೆ ಆರುತ್ತಿತ್ತು. ಮೇಲಧಿಕಾರಿ ಮೇಡಂ ಜೊತೆ ಗುಸುಗುಸು ಬೇರೆ! ಅವನು ತಂದಿಟ್ಟ ಚಹಾ ಆರಿ ತಣ್ಣಗಾದರೂ ಅವಳು ಮುಟ್ಟಲಿಲ್ಲ. ಮುಟ್ಟಲಿಲ್ಲವೆಂದು ಅವಳಿಗೇ ಅಳು ಬರುತ್ತಿತ್ತು.

ಒಮ್ಮೆ ತಡೆಯಲಾಗದೆ ಅಡ್ಡಗಟ್ಟಿದಳು. “ಅಜ್ಜ ಅವತ್ತು ಬರೆದಿದ್ದು ಎಷ್ಟು ಗೊತ್ತಾ? ಒಂಬೈನೂರ...”

“ಬೇಡ! ಹೇಳ್ಬೇಡಿ!” ಅವನು ಎರಡೂ ಕಿವಿ ಮುಚ್ಚಿಕೊಂಡು ಹೊರಟೇಹೋದ.

ಕೇಳುವುದಕ್ಕೂ ಅಸಹ್ಯವೇ? ಅವಳ ಎದೆ ಒಡೆದುಹೋಯಿತು.

ಮೂರು ವಾರದ ನಂತರ ಮೇಡಂ ಕರೆದರು. ಬೀರುವಿನ ಬೀಗ ತೆಗೆದು ಒಂದು ಪುಸ್ತಕವನ್ನು ಅವಳ ಕೈಗಿಟ್ಟರು.

“ಆ ಮಧ್ಯಾಹ್ನದ್ದು ಓದಿ,” ಎಂದ ಅಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದ ಅವನು. “ನಾನು ಇದನ್ನ ಒಂದ್ಸಲಾನೂ ತೆರೆದಿಲ್ಲ.”

“ಒಂಬೈನೂರ ಅರವತ್ತೊಂದು.”

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಆ ಮಧ್ಯಾಹ್ನಕ್ಕೆ ಮಾಡೆಲ್ ಹಾಕಿದ ಲೆಕ್ಕ ಒಂಬೈನೂರ ಅರವತ್ತಮೂರು!

“ಅಜ್ಜನ ಅಂಕಿ ಕೊಟ್ಟಿದ್ರೆ ಮಾಡೆಲ್ ಅದನ್ನೇ ತಿರುಗಿ ಹೇಳೋದು, ಯಾರು ನಂಬ್ತಿದ್ರು? ಸುತ್ತಲಿನ ಹಡಗುಗಳ ಅಂಕಿಯಿಂದಲೇ ಇದು ಬಂದಿದೆ. ನಾವು ತುಂಬಾ ನಂಬೋರ ಪುಸ್ತಕಾನೇ ಪಕ್ಕಕ್ಕೆ ಇಡೋದು, ನಮ್ಮನ್ನ ನಾವು ಪರೀಕ್ಷೆ ಮಾಡ್ಕೊಳ್ಳೋಕೆ. ಆ ಅಂಕಿ ನನ್ನ ಕಿವಿಗೆ ಬಿದ್ದಿದ್ರೆ ಎಲ್ಲಾ ಹಾಳಾಗ್ತಿತ್ತು.”

“ಇಷ್ಟನ್ನ ಮೊದಲೇ ಹೇಳೋಕೇನಾಗಿತ್ತು?”

“ಮಾಡೆಲ್ ಬೇರೆ ಏನಾದ್ರೂ ಹೇಳಿಬಿಟ್ಟಿದ್ರೆ? ನಿಮಗೆ ಸುಮ್ನೆ ಆಸೆ ಹುಟ್ಟಿಸೋಕೆ ಧೈರ್ಯ ಬರ್ಲಿಲ್ಲ...”

ಮೇಡಂ ಮೆಲ್ಲಗೆ ಹೊರಗೆ ನಡೆದರು. ಅವಳು ಕಣ್ಣೊರೆಸಿಕೊಂಡಳು. “ಎರಡು ಹೆಚ್ಚಿದೆಯಲ್ಲ, ಆ ತಪ್ಪು ಯಾರದ್ದು?”

“ನನ್ನದೇ. ಅಜ್ಜ ಅಲ್ಲೇ ನಿಂತು ನೋಡಿದ್ದಾರೆ.”

“ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?”

“ಒಂದಿದೆ... ನೀವಂದ್ರೆ ನನಗೆ ಪ್ರಾಣ.”

ಮೂರು ವಾರದ ಅನುಮಾನ ಆ ಒಂದು ಮಾತಿಗೆ ಕರಗಿಹೋಯಿತು.

“ಸಂಜೆ ಮನೆಗೆ ಬನ್ನಿ. ಅಜ್ಜನಿಗೆ ಇದನ್ನ ನೀವೇ ಹೇಳ್ಬೇಕು.”

“ಎರಡು ತಪ್ಪಿದ್ದಕ್ಕೆ ಬೈತಾರಾ?”

“ಬೈಯದೆ ಬಿಡ್ತಾರಾ?” ಅವಳು ಅವನ ಕೈ ಹಿಡಿದಳು. “ಹೆದರ್ಬೇಡಿ... ನಾನು ಪಕ್ಕದಲ್ಲೇ ಇರ್ತೀನಿ.”