ಮಿನಾಂಡರನ ಬೆಳ್ಳಿ

"ಒರೆಸ್ಬೇಡಿ! ದಯವಿಟ್ಟು ಒರೆಸ್ಬೇಡಿ!"

ಯಾರೋ ತನ್ನ ಮಣಿಕಟ್ಟು ಹಿಡಿದುಬಿಟ್ಟಿದ್ದಾರೆ! ಗಿರಿಜಾದೇವಿ ಬೆಚ್ಚಿ ತಲೆ ಎತ್ತಿದಳು.

ರಾಜಾಜಿನಗರದ ಅವರ ಮನೆಯ ಹಜಾರದಲ್ಲಿ, ಅಪ್ಪಾಜಿಯ ಎದುರಿಗೇ, ಒಬ್ಬ ಅಪರಿಚಿತ ಯುವಕ ಅವಳ ಕೈ ಹಿಡಿದು ನಿಂತಿದ್ದ. ಅವಳ ಒಂದು ಕೈಯಲ್ಲಿ ಸೆರಗಿನ ತುದಿ, ಇನ್ನೊಂದರಲ್ಲಿ ಅಪ್ಪಾಜಿಯ ಕಪ್ಪು ಬೆಳ್ಳಿ ನಾಣ್ಯ. ಬಂದವರಿಗೆ ತೋರಿಸುವ ಮುಂಚೆ ಚೂರು ಒರೆಸೋಣ ಎಂದುಕೊಂಡಿದ್ದಳು, ಅಷ್ಟೇ.

ತಾನು ಏನು ಮಾಡಿದೆ ಎಂದು ಅವನಿಗೆ ಆಮೇಲೆ ಹೊಳೆಯಿತು. ತಟ್ಟನೆ ಕೈ ಬಿಟ್ಟ. ಕಿವಿಯವರೆಗೂ ಕೆಂಪಾದ.

"ಕ್ಷಮಿಸಿ... ಆ ಕಪ್ಪು ಕೊಳೆ ಅಲ್ಲ ರೀ. ನೂರಾರು ವರ್ಷ ಕೂತು ಕೂತು ಬಂದಿರೋ ಬಣ್ಣ. ಒಂದ್ಸಲ ಹೋದ್ರೆ ಹೋಯ್ತು!"

"ನಾಣ್ಯಕ್ಕೋಸ್ಕರ ಹೆಣ್ಮಗಳ ಕೈ ಹಿಡಿಯೋನನ್ನ ಇವತ್ತೇ ಕಣಯ್ಯಾ ನೋಡಿದ್ದು!" ಎಂದು ಅಪ್ಪಾಜಿ ಕರಿಬಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವನ ಹೆಸರು ಮರುಳಸಿದ್ದಪ್ಪ. ದಾವಣಗೆರೆ ಕಡೆಯವನು, ಇವರ ಪೈಕಿಯೇ. ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಗೋವಿಂದರಾಜನಗರದಲ್ಲಿ ಇಂದ್ರಮ್ಮ ಎಂಬುವರ ಮನೆಯ ಮೇಲೊಂದು ಬಾಡಿಗೆ ಕೋಣೆ. ಹಳೆಯ ನಾಣ್ಯ ಎಂದರೆ ಊಟ ನಿದ್ದೆ ಮರೆಯುವ ಜಾತಿ.

"ಇದು ಮಿನಾಂಡರ್ ರಾಜಂದು," ಎಂದು ಅವನು ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ಅವಳಿಗೆ ತೋರಿಸಿದ. "ಗ್ರೀಕ್ ದೊರೆ. ಪಂಜಾಬಿನ ಕಡೆ ಆಳ್ದೋನು. ಬೌದ್ಧರು ಮಿಲಿಂದ ಅಂತಾರಲ್ಲ, ಅವನೇ. ಹಿಂದ್ಗಡೆ ನೋಡಿ, ಗುರಾಣಿ ಹಿಡ್ಕೊಂಡು ಸಿಡಿಲು ಎಸೀತಿದಾಳಲ್ಲ, ಅವರ ದೇವತೆ. ಸುತ್ತ ಬರೆದಿರೋದು ಏನು ಗೊತ್ತಾ? ಕಾಪಾಡೋ ರಾಜನ ನಾಣ್ಯ ಅಂತ."

"ಯಾರನ್ನ ಕಾಪಾಡಿದ?"

"ಅದು ಬರೆದಿಲ್ಲ!" ಎಂದು ಅವನು ನಕ್ಕ.

ಆ ನಗುವಿಗೆ ಗಿರಿಜೆ ಬಿದ್ದಳು. ಹೇಳುವುದಕ್ಕೆ ನಾಚಿಕೆ ಏಕೆ? ಆ ಕ್ಷಣದಲ್ಲೇ ಬಿದ್ದಳು.

ಆಮೇಲೆ ಪ್ರತಿ ಭಾನುವಾರವೂ ಅವನು ಬಂದ. ಅಪ್ಪಾಜಿಯ ಮರದ ಪೆಟ್ಟಿಗೆ ಬಿಚ್ಚಿ ಗಂಟೆಗಟ್ಟಲೆ ಕೂರುತ್ತಿದ್ದರು ಇಬ್ಬರೂ. ಪೆಟ್ಟಿಗೆಯಲ್ಲಿ ಎಷ್ಟೇ ನಾಣ್ಯಗಳಿರಲಿ, ಅಪ್ಪಾಜಿಯ ಜೀವ ಇದ್ದದ್ದು ಆ ಮಿನಾಂಡರನಲ್ಲಿ. ರೈಲ್ವೆ ನೌಕರಿಯಲ್ಲಿ ಅಂಬಾಲಾದಲ್ಲಿದ್ದಾಗ, ಬಜಾರಿನ ಹಳೆ ನಾಣ್ಯಗಳ ಗುಡ್ಡೆಯೊಳಗಿಂದ ಅದನ್ನು ಆರಿಸಿ ಅವರ ಅಂಗೈಗಿಟ್ಟವರು ಗಿರಿಜೆಯ ತಾಯಿ. ಆ ತಾಯಿ ಈಗಿಲ್ಲ. ನಾಣ್ಯ ಇತ್ತು.

ಅಂಥದ್ದನ್ನು ಮರುಳಸಿದ್ದಪ್ಪನ ಕೈಗೆ ಕೊಟ್ಟು ಕಳಿಸಿದರು ಎಂದರೆ ಲೆಕ್ಕ ಹಾಕಿ! ವಿದ್ಯಾರ್ಥಿಗಳಿಗೆ ತೋರಿಸಲು ಪ್ಲಾಸ್ಟರಿನಲ್ಲಿ ಅದರ ಅಚ್ಚು ತೆಗೆದುಕೊಳ್ಳುತ್ತೇನೆ ಎಂದು ಅವನು ಕೇಳಿದ್ದ. ಇವರು ತುಟಿ ಎರಡು ಮಾಡದೆ ಕೊಟ್ಟಿದ್ದರು. ಅಳಿಯನಾಗುವವನ ಕೈಗೆ ತಾನೇ? ಇನ್ನೂ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ, ಆದರೆ ಮನೆಯಲ್ಲಿ ಕಿವಿ ಮಂದವಾದ ಅಜ್ಜಿ ಸೇರಿ ಎಲ್ಲರಿಗೂ ಗೊತ್ತಿತ್ತು.

ಅದು ಎಪ್ಪತ್ತನಾಲ್ಕರ ದೀಪಾವಳಿಯ ಹೊತ್ತು. ಅಪ್ಪಾಜಿ ಮದುವೆಯೊಂದಕ್ಕೆ ಚಿತ್ರದುರ್ಗಕ್ಕೆ ಹೋಗಿದ್ದರು. ಹಬ್ಬದ ಹಿಂದಿನ ದಿನ ಮರುಳಸಿದ್ದಪ್ಪ ಬಂದು, ಕಾಗದದಲ್ಲಿ ಸುತ್ತಿದ ನಾಣ್ಯವನ್ನು ಗಿರಿಜೆಯ ಕೈಗಿಟ್ಟ.

"ಜೋಪಾನ," ಎಂದ. "ನಾಣ್ಯಾನೂ... ನೀವೂ."

ಅವಳು ಆ ಮಾತಿನ ಗುಂಗಿನಲ್ಲೇ ಒಳಗೆ ಬಂದಳು. ಪೆಟ್ಟಿಗೆಯ ಬೀಗದಕೈ ಅಪ್ಪಾಜಿಯ ಹತ್ತಿರ. ಎಲ್ಲಿಡುವುದು? ಮನೆಯಲ್ಲಿ ದೇವರ ಗೂಡಿಗಿಂತ ಭದ್ರವಾದ ಜಾಗ ಯಾವುದಿದೆ! ಪೊಟ್ಟಣವನ್ನು ಬಿಚ್ಚದೆ ಅಲ್ಲೇ ಇಟ್ಟಳು. ಅಪ್ಪಾಜಿ ಬಂದ ಮೇಲೆ ಬಿಚ್ಚದೆಯೇ ಕೊಟ್ಟಳು.

ಅವರು ಬಿಚ್ಚಿದರು.

ನಾಣ್ಯ ಹೊಸ ಲೋಟದಂತೆ ಫಳಫಳ ಹೊಳೆಯುತ್ತಿತ್ತು.

"ಇದು... ಇದು ನಂದಲ್ಲ..." ಎಂದು ಅಪ್ಪಾಜಿ ಹಾಗೇ ಕುಸಿದು ಕುಳಿತರು.

ಕರೆಸಿದ ಕೂಡಲೇ ಮರುಳಸಿದ್ದಪ್ಪ ಓಡಿ ಬಂದ. ನಾಣ್ಯ ನೋಡಿ ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಸಾರ್, ಇದು ಅದೇ ನಾಣ್ಯ! ಯಾರೋ ತೊಳ್ದುಬಿಟ್ಟಿದಾರೆ..."

"ನನ್ನ ಮನೇಲಿ ಯಾರಯ್ಯಾ ತೊಳೀತಾರೆ? ನನ್ನ ನಾಣ್ಯ ಮುಟ್ಟೋ ಧೈರ್ಯ ಯಾರಿಗಿದೆ ಇಲ್ಲಿ? ಗಿರಿಜಾ, ನೀನು ಬಿಚ್ಚಿದ್ಯಾ?"

"ಇಲ್ಲ ಅಪ್ಪಾಜಿ... ಬಿಚ್ಚೇ ಇಲ್ಲ."

"ಅಚ್ಚು ತರ್ತೀನಿ ಸಾರ್. ಹೋಲ್ಸಿ ನೋಡಿ, ನಿಮಗೇ ಗೊತ್ತಾಗತ್ತೆ."

"ನಕಲಿ ಮಾಡೋಕೆ ತಾನೇ ಆ ಅಚ್ಚು? ನನ್ನ ಹೆಂಡ್ತಿ ಕೊಟ್ಟಿದ್ದನ್ನ ನುಂಗಿಬಿಟ್ಟೆಯಲ್ಲೋ ಕಳ್ಳ!"

ಅವನು ತಿರುಗಿ ಗಿರಿಜೆಯನ್ನೇ ನೋಡಿದ. ಇವರು ಅಂಥವರಲ್ಲ ಎಂದು ಅವಳೊಬ್ಬಳು ಹೇಳಿದರೆ ಸಾಕಿತ್ತು ಅವನಿಗೆ.

ಅಳುತ್ತಿದ್ದ ತಂದೆಯನ್ನು ತಬ್ಬಿ ನಿಂತಿದ್ದ ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು.

"ನಿಜ ಹೇಳಿ... ನೀವು ಬದಲಾಯಿಸಿಲ್ಲ ತಾನೇ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟವನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ಅಯ್ಯೋ, ಆಮೇಲಿನ ದಿನಗಳನ್ನು ಏನೆಂದು ಹೇಳುವುದು! ಅಪ್ಪಾಜಿ ಪೆಟ್ಟಿಗೆ ಮುಟ್ಟುವುದನ್ನೇ ಬಿಟ್ಟರು. ತಟ್ಟೆಯ ಮುಂದೆ ಕುಳಿತು ಒಂದು ತುತ್ತಿಗೇ ಎದ್ದುಬಿಡುತ್ತಿದ್ದರು. ಗಿರಿಜೆ ಬರೆದ ಪತ್ರಗಳು ಒಡೆಯದೆಯೇ ವಾಪಸ್ ಬಂದವು. ಒಮ್ಮೆ ಮಾಗಡಿ ರಸ್ತೆಯಲ್ಲಿ ಅವನು ಎದುರಿಗೇ ಸಿಕ್ಕಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಆಚೆ ಬದಿಗೆ ದಾಟಿಕೊಂಡ.

*ಒಂದು ಸಲ ಬೈದುಬಿಡಬಾರದಿತ್ತಾ? ಬೈಸಿಕೊಳ್ಳೋ ಯೋಗ್ಯತೆಯೂ ನನಗಿಲ್ವಾ?*

ಅಷ್ಟರಲ್ಲಿ ಅಪ್ಪಾಜಿ ಬೇರೆ ಗಂಡನ್ನು ಗೊತ್ತುಮಾಡಿದರು. ಶಿವರಾತ್ರಿ ಕಳೆದ ಮೇಲೆ ನಿಶ್ಚಿತಾರ್ಥ. ಅವಳು ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕಲ್ಲ?

ಶಿವರಾತ್ರಿಯ ಹಿಂದಿನ ದಿನ ತರಕಾರಿ ಅಂಗಡಿಯಲ್ಲಿ ಇಂದ್ರಮ್ಮ ಸಿಕ್ಕರು.

"ನಮ್ಮ ಮೇಷ್ಟ್ರು ಊರು ಬಿಡ್ತಾ ಅವ್ರಮ್ಮಾ. ಗುಲ್ಬರ್ಗದಾಗೆ ಕೆಲ್ಸ ಅಂತೆ. ಇವತ್ತು ಸಂಜೆ ರೈಲಿಗೆ."

ಗಿರಿಜೆ ಬರಿಗೈಯಲ್ಲಿ ಮನೆಗೆ ಬಂದಳು. ತರಕಾರಿ ಚೀಲ ಅಂಗಡಿಯಲ್ಲೇ ಉಳಿದಿತ್ತು.

ಹಿತ್ತಲಲ್ಲಿ ಅಜ್ಜಿ ಕಲ್ಯಾಣಮ್ಮ, ಅಪ್ಪಾಜಿಯ ತಾಯಿ, ಬೆಳ್ಳಿ ಸಾಮಾನು ಹರಡಿಕೊಂಡು ಕುಳಿತಿದ್ದರು. ಲಿಂಗದ ಕರಡಿಗೆ, ಕುಂಕುಮದ ಭರಣಿ, ದೀಪ. ಹುಣಸೆಹಣ್ಣು ಹಚ್ಚುವುದು, ವಿಭೂತಿಯಲ್ಲಿ ಗಸಗಸ ತಿಕ್ಕುವುದು. ದೊಡ್ಡ ಹಬ್ಬ ಎಂದರೆ ಅಜ್ಜಿಗೆ ಇದೇ ಕೆಲಸ.

"ಗಿರಿಜವ್ವಾ, ಆ ದೇವೀ ನಾಣ್ಯ ಎಲ್ಲೈತೆ? ತಾ ಇಲ್ಲಿ, ಅದನ್ನೂ ತೊಳದ್ಬಿಡ್ತೀನಿ."

"ಯಾವ... ಯಾವ ನಾಣ್ಯ ಅಜ್ಜಿ?"

"ಅದೇ, ಗುರಾಣಿ ಹಿಡ್ದಾಳಲ್ಲ ಆ ತಾಯಿ. ದೀಪಾವಳಿಗೆ ದೇವರ ಗೂಡಿನಾಗೆ ಇತ್ತು. ಪಾಪ, ಮಸಿ ಹಿಡದಂಗೆ ಆಗಿತ್ತು. ಚಂದಗೆ ತಿಕ್ಕಿ, ಲಕ್ಷ್ಮೀ ಪೂಜೆಗೆ ಇಟ್ಟು, ತಿರುಗಿ ಹಂಗೇ ಸುತ್ತಿಟ್ಟೆ. ನಮ್ ಗಿರಿಜೀನ ಆ ಮೇಷ್ಟ್ರ ಮನಿ ತುಂಬ್ಸು ತಾಯಿ ಅಂತ ಬೇಡ್ಕಂಡೆ..."

ಗಿರಿಜೆ ಕಂಬ ಹಿಡಿದುಕೊಂಡಳು.

ಕಿವಿ ಮಂದವಾದ ಅಜ್ಜಿಯನ್ನು ಆ ದಿನ ಯಾರೂ ಕೇಳಿರಲಿಲ್ಲ. ಅಜ್ಜಿಗೆ ಯಾರೂ ಹೇಳಿಯೂ ಇರಲಿಲ್ಲ!

ಹಿಂದೆ ಯಾರೋ ಬಿಕ್ಕಿದ ಸದ್ದು. ಬಾಗಿಲಲ್ಲಿ ಅಪ್ಪಾಜಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಜ್ಜಿಗೆ ಗೊತ್ತಾಗೋದು ಬೇಡ ಕಣಮ್ಮ," ಎಂದರು. ಎಷ್ಟೋ ದಿನಗಳ ಮೇಲೆ ಪೆಟ್ಟಿಗೆ ತೆರೆದು ನಾಣ್ಯವನ್ನು ಅವಳ ಅಂಗೈಗಿಟ್ಟರು. "ಹೋಗು. ಆ ಹುಡುಗನ ಮುಖ ನೋಡೋ ಯೋಗ್ಯತೆ ಇವತ್ತು ನನಗಿಲ್ಲ. ಬೀಗರಿಗೆ ನಾನು ಹೇಳ್ಕೊತೀನಿ. ಓಡು!"

ಅವಳು ಓಡಿದಳು. ಬಸ್ಸಿಗೆ ಕಾಯಲಿಲ್ಲ. ಮಾಗಡಿ ರಸ್ತೆ ದಾಟುವಾಗ ಲಾರಿಯವನು ಬೈದದ್ದೂ ಕೇಳಿಸಲಿಲ್ಲ.

*ಹೋಗಿಬಿಟ್ಟಿದ್ರೆ? ಕಾಪಾಡೋ ರಾಜಾ, ಯಾರನ್ನ ಕಾಪಾಡಿದ್ಯೋ ನನಗೆ ಗೊತ್ತಿಲ್ಲ... ಇವತ್ತು ನನ್ನನ್ನ ಕಾಪಾಡು!*

ಕೋಣೆಯ ಬಾಗಿಲು ತೆರೆದಿತ್ತು. ಹೋಲ್ಡಾಲಿನಲ್ಲಿ ಹಾಸಿಗೆ ಸುತ್ತಿ ಕಟ್ಟಿ ಮುಗಿದಿತ್ತು. ಮರುಳಸಿದ್ದಪ್ಪ ಟ್ರಂಕಿನ ಮುಂದೆ ಕುಳಿತಿದ್ದ. ಸೊರಗಿಹೋಗಿದ್ದ.

ಅವಳು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು. ಹುಣಸೆಹಣ್ಣು, ವಿಭೂತಿ, ಅಜ್ಜಿಯ ಪ್ರಾರ್ಥನೆ.

"ಈಗ ಅಜ್ಜಿ ಹೇಳಿದ ಮೇಲೆ ನಂಬೋದು ಸುಲಭ ಗಿರಿಜಾದೇವಿಯವರೇ," ಎಂದ ಕೊನೆಗೆ. "ನಿಮ್ಮಪ್ಪಾಜಿ ಕಳ್ಳ ಅಂದ್ರು. ತಡ್ಕೊಂಡೆ. ನೀವು ಕೇಳಿದ್ರಲ್ಲ ಒಂದು ಮಾತು... ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ ನನ್ ಕೈಲಿ."

"ಹೌದು. ಕಷ್ಟದ ದಿನ ನಾನು ನಂಬ್ಲಿಲ್ಲ. ಕ್ಷಮಿಸಿ ಅನ್ನೋಕೂ ನನಗೆ ಬಾಯಿಲ್ಲ. ಆದ್ರೆ ಒಂದು ಹೇಳ್ಬೇಕು... ನಿಮ್ಮನ್ನ ಬಿಟ್ಟು ನಾನು ಬದುಕಿಲ್ಲ. ಇಷ್ಟು ದಿನ ಓಡಾಡ್ಕೊಂಡಿದ್ದೆ, ಅಷ್ಟೇ. ಬದುಕಿರ್ಲಿಲ್ಲ! ಇದನ್ನ ಹೇಳಿ ಹೋಗೋಣ ಅಂತ ಬಂದೆ."

ಅವನು ಕಿಟಕಿಯ ಕಡೆ ತಿರುಗಿದ.

"ಅಜ್ಜಿಗೆ ಗೊತ್ತಾ... ಅವರಿಂದ ಹೀಗಾಯ್ತು ಅಂತ?"

"ಇಲ್ಲ."

"ಹೇಳ್ಬೇಡಿ. ಪಾಪ, ನಮಗೋಸ್ಕರ ತಾನೇ ಬೇಡ್ಕೊಂಡಿದ್ದು!"

ನಮಗೋಸ್ಕರ! ಆ ಒಂದು ಮಾತಿಗೆ ಅವಳ ಕಟ್ಟೆ ಒಡೆಯಿತು. ಕಣ್ಣೀರು ಟಪಟಪ ಅಂಗೈಯ ಮೇಲಿನ ಬೆಳ್ಳಿಯ ಮೇಲೆ ಬಿತ್ತು. ಗಾಬರಿಯಲ್ಲಿ ಅವಳು ಸೆರಗಿನ ತುದಿ ಎಳೆದುಕೊಂಡಳು.

"ಒರೆಸ್ಬೇಡಿ!"

ಅವನು ಅವಳ ಮಣಿಕಟ್ಟು ಹಿಡಿದುಬಿಟ್ಟಿದ್ದ. ಈ ಸಲ ಬಿಡಲಿಲ್ಲ.

ಕೆಳಗಿನಿಂದ ಇಂದ್ರಮ್ಮ ಕೂಗಿದರು. "ಮೇಷ್ಟ್ರೇ, ಆಟೋ ಬಂತು!"

"ಕಳಿಸ್ಬಿಡಿ ಇಂದ್ರಮ್ಮ," ಎಂದ ಅವನು, ಅವಳ ಮುಖದಿಂದ ಕಣ್ಣು ತೆಗೆಯದೆ. "ಗುಲ್ಬರ್ಗಕ್ಕೆ ಹೋಗೋರು ಇಬ್ಬರಾದ್ರು. ಮೊದಲು ಅಪ್ಪಾಜಿ ಹತ್ರ ಹೋಗ್ಬೇಕು."

ಗಿರಿಜೆ ಅಳುತ್ತಲೇ ನಕ್ಕಳು. ಅಂಗೈಯ ನಾಣ್ಯ ಒದ್ದೆಯಾಗಿ ಹೊಳೆಯುತ್ತಿತ್ತು.

"ಆ ಕಪ್ಪು... ಮತ್ತೆ ಬರತ್ತಾ?"

"ಬರತ್ತೆ. ಉಜ್ಜದೆ, ತೊಳೀದೆ ಬಿಟ್ರೆ ತಾನಾಗೇ ಬರತ್ತೆ."

"ಯಾವಾಗ?"

"ಮೊದಲಿನಷ್ಟು ಬರೋಕೆ ನಮ್ಮಿಬ್ಬರ ಆಯಸ್ಸು ಸಾಲಲ್ಲ ಗಿರಿಜಾ."

"ಹಾಗಾದ್ರೆ ಕೈ ಬಿಡ್ಬೇಡಿ," ಎಂದಳು ಅವಳು. "ಬರೋವಷ್ಟು ಬರ್ಲಿ. ಕೂತು ನೋಡೋಣ."